ವಕೀಲರ ಸೈಕಲ್ಲಿಗೆ ಟಗರಿನ ಕೋಡು

ಸೈಕಲ್ ರಿಪೇರಿ ಕಲಿಯಲು ಬರುವವರು ಮೊದಲು ಕೇಳುವುದು ನಟ್ಟು ತಿರುಗಿಸಲು ಯಾವ ಪಾನಾ ಕೊಳ್ಳಬೇಕು ಎಂದು. ಪಾನಾ ಯಾವುದಾದರೂ ನಡೆಯುತ್ತದೆ. ಈ ಕೆಲಸಕ್ಕೆ ಮೊದಲು ಬೇಕಾದದ್ದು ಗಿರಾಕಿಯ ಎದುರು ನಗು ತಡೆದುಕೊಳ್ಳುವ ಶಕ್ತಿ. ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ನಮ್ಮ ಅಂಗಡಿಯಲ್ಲಿ ನಾನು ಅದನ್ನು ಕಲಿಯುವುದಕ್ಕೇ ಬಹಳ ವರ್ಷ ತೆಗೆದುಕೊಂಡೆ. ಈಗ ಮೊಣಕಾಲು ಮಾತು ಕೇಳುವುದಿಲ್ಲ, ಅಂಗಡಿ ಬೇರೆಯವರ ಕೈಯಲ್ಲಿದೆ. ಆದ್ದರಿಂದ ಧೈರ್ಯವಾಗಿ ಬರೆಯಬಹುದು.

ನಾನು ಇಜೇರಿಯ ಮಗಳು, ಅಫಜಲಪುರದ ಸೊಸೆ. ಅಂಗಡಿ ಹಾಕಿದವರು ನಮ್ಮ ಯಜಮಾನರು. ಅವರಿಗೆ ಲಾರಿ ನಡೆಸುವ ಹುಚ್ಚು ಹಿಡಿದು, ಒಂದು ಮುಂಜಾನೆ ಕೀಲಿಕೈ ನನ್ನ ಕೈಗಿಟ್ಟು, ನಾಲ್ಕು ದಿನ ನೋಡಿಕೋ ಎಂದು ಹೇಳಿ ಸೊಲ್ಲಾಪುರದ ಕಡೆ ಹೊರಟರು. ಮನೆಗೆ ಬರುತ್ತಿದ್ದರು, ಹೋಗುತ್ತಿದ್ದರು, ಉಂಡು ಮಲಗುತ್ತಿದ್ದರು. ಕೀಲಿಕೈ ಮಾತ್ರ ಮತ್ತೆಂದೂ ಕೇಳಲಿಲ್ಲ.

ನನಗೆ ಕೆಲಸ ಕಲಿಸಿದವರು ಆಳಂದದ ಖಾಜಾಸಾಬ್ ಉಸ್ತಾದರು. ಯಜಮಾನರಿಗೂ ಅವರೇ ಕಲಿಸಿದ್ದರು. ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಸೈಕಲ್ ನೋಡುವ ಮೊದಲು ಅದನ್ನು ತಂದವನನ್ನು ನೋಡುತ್ತಿದ್ದರು. ಸೈಕಲ್ಲಿನ ಅರ್ಧ ರೋಗ ಸವಾರನಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಅಂಥ ಉಸ್ತಾದರೂ ಒಮ್ಮೆ ತಪ್ಪಿದರು. ಒಬ್ಬ ಅಂಚೆ ನೌಕರರ ಸೈಕಲ್ಲಿಗೆ ಬಣ್ಣ ಹೊಡೆದು ಜೋಡಿಸುವಾಗ ಮುಂದಿನ ಚಕ್ರ ಹಿಡಿಯುವ ಚಿಮಟಾವನ್ನು ಹಿಂದುಮುಂದಾಗಿ ಕೂಡಿಸಿಬಿಟ್ಟರು. ಮುಂದಕ್ಕೆ ಬಾಗಿರಬೇಕಾದದ್ದು ಸವಾರನ ಕಡೆ ಬಾಗಿ ನಿಂತಿತು. ಗಿರಾಕಿ ಹತ್ತಿಕೊಂಡು ಹೋದರು. ಮರುದಿನ ನಗುತ್ತಾ ಬಂದರು.

“ಉಸ್ತಾದ, ಏನ್ ಮಾಡೀರಿ ಇದಕ್ಕ? ತಿರುವಿನ್ಯಾಗ ಚಿಗರಿ ಹೊಳ್ಳಿದಂಗ ಹೊಳ್ತದ.”

ಉಸ್ತಾದರು ಚಕ್ರ ನೋಡಿದರು. ಬಾಯಲ್ಲಿನ ಎಲೆಅಡಿಕೆ ಅಲ್ಲೇ ನಿಂತಿತು. ಆದರೆ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅದು ಒಂದು ದಿನದ ಸರ್ವೀಸು ಸಾಬ್, ಈಗ ಕಾಯಂ ಸರ್ವೀಸು ಮಾಡಿಕೊಡುತ್ತೇನೆ ಎಂದು ಸೈಕಲ್ ಇಳಿಸಿಕೊಂಡು ಚಿಮಟಾ ಸರಿಯಾಗಿ ತಿರುಗಿಸಿ ಕೊಟ್ಟರು. ಆ ಮನುಷ್ಯ ನಿವೃತ್ತರಾಗುವ ತನಕ, ಮೊದಲಿನ ಸರ್ವೀಸೇ ಚೊಲೋ ಇತ್ತು ಎಂದು ದೂರುತ್ತಿದ್ದರು. ಗಿರಾಕಿಯ ಖುಷಿ ಬೇರೆ, ಸೈಕಲ್ ಸರಿ ಇರುವುದು ಬೇರೆ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಆಮೇಲೆ ಕಾಲ ಬದಲಾಯಿತು. ಬಾಡಿಗೆ ಸೈಕಲ್ಲುಗಳು ಹೋದವು, ಡೈನಮೋ ಹೋಯಿತು, ಮನೆಗೊಂದು ಮೋಟಾರ್ ಸೈಕಲ್ ಬಂತು. ಕೆಲವು ವರ್ಷ ನಾನು ಬರೀ ಗಾಳಿ ತುಂಬಿದೆ. ಹೊಟ್ಟೆ ಬಂದವರಿಗೆಲ್ಲ ಡಾಕ್ಟರುಗಳು ಸೈಕಲ್ ಹೊಡೆಯಿರಿ ಎನ್ನತೊಡಗಿದ ಮೇಲೆ ಗೇರಿನ ಸೈಕಲ್ಲುಗಳು ಊರಿಗೆ ಬಂದವು. ಉಸ್ತಾದರು ಅಷ್ಟರಲ್ಲಿ ಆಳಂದಕ್ಕೆ ಮಗಳ ಮನೆಗೆ ಹೋಗಿದ್ದರು. ನಾನು ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಮಾತು ತಿಳಿಯದಿದ್ದರೆ ಕೈಗಳನ್ನು ನೋಡಿ ಕಲಿತೆ. ಪಾನಾ ಹಿಡಿದ ಕೈಗೆ ಎಲ್ಲ ದೇಶದಲ್ಲೂ ಒಂದೇ ಭಾಷೆ.

ಹೀಗಿರುವಾಗ ಬಂದರು ಶಿವಶರಣಪ್ಪ ವಕೀಲರು.

ಎತ್ತರದ ಆಳು, ಹೊಟ್ಟೆಯೂ ಅದಕ್ಕೆ ತಕ್ಕಂತೆ. ಡಾಕ್ಟರು ನಡೆಯಲು ಹೇಳಿದ್ದರಂತೆ. ಇವರು ವಾದ ಮಾಡಿ ಅದನ್ನು ಸೈಕಲ್ಲಿಗೆ ಇಳಿಸಿಕೊಂಡಿದ್ದರು. ಸೀದಾ ಹ್ಯಾಂಡಲಿನ ಗೇರು ಸೈಕಲ್ಲು. ಮುಂಜಾನೆ ಕರಜಗಿ ರಸ್ತೆಯಲ್ಲಿ ಒಂದು ಸುತ್ತು, ಆಮೇಲೆ ಮೋಟಾರ್ ಸೈಕಲ್ ಏರಿ ಕೋರ್ಟಿಗೆ. ಅವರು ನನ್ನ ಹಳೆಯ ಗಿರಾಕಿ. ಸೀಟು ತಾನಾಗಿ ಕೆಳಗಿಳಿಯುತ್ತದೆ ಎಂಬ ಒಂದೇ ದೂರನ್ನು ಹಿಡಿದು ಮತ್ತೆ ಮತ್ತೆ ಬರುತ್ತಿದ್ದರು. ನಾನು ಬಿಗಿದೆ, ಪಟ್ಟಿ ಬದಲಿಸಿದೆ, ಸೀಟು ಹೊತ್ತ ಕೊಳವೆಯನ್ನೇ ಬದಲಿಸಿದೆ. ಸೀಟು ಇಳಿಯುತ್ತಲೇ ಇತ್ತು.

ಈ ಸಲದ ದೂರು ಬೇರೆ. ರೇಸಿಗೆ ತಯಾರಿ ನಡೆಸುವ ಹುಡುಗರ ಒಂದು ಸಾಲು ಕರಜಗಿ ರಸ್ತೆಯಲ್ಲಿ ಇವರನ್ನು ಹಿಂದೆ ಹಾಕಿ ಹೋಗಿತ್ತು. ಎಲ್ಲರೂ ಟಗರಿನ ಕೋಡಿನಂತೆ ಕೆಳಗೆ ಬಾಗಿದ ಹ್ಯಾಂಡಲ್ ಹಿಡಿದು ತಲೆ ತಗ್ಗಿಸಿದ್ದರು. ಕೊನೆಯವನು ಹೋಗುತ್ತಾ, ಬಾಜೂಕ ಸರೀರಿ ಕಾಕಾ ಎಂದನಂತೆ. ಹಿಂದೆ ಬಿದ್ದದ್ದಕ್ಕಿಂತ ಆ ಕಾಕಾ ಎಂಬುದು ಇವರಿಗೆ ನಾಟಿತ್ತು.

“ಕಸ್ತೂರಿಬಾಯಿ, ನನ್ನ ಕಾಲು ಅವರ ಕಾಲಿಗಿಂತ ಏನ್ ಕಡಿಮಿ ಇಲ್ಲ. ಹ್ಯಾಂಡಲ್ ಕಡಿಮಿ ಅದ. ನನಗೂ ಆ ಕೋಡು ಹಾಕಿಕೊಡ್ರಿ.”

ಬೇಡ, ಬೆನ್ನು ನೋಯುತ್ತದೆ ಎನ್ನಬೇಕಿತ್ತು. ಆದರೆ ಅಂಥ ಕೆಲಸ ನಾನು ಮಾಡಿರಲಿಲ್ಲ, ಮಾಡಿ ನೋಡುವ ಆಸೆ ಇತ್ತು. ಹೂಂ, ಬೇಗ ಮಾಡಿಕೊಡುತ್ತೇನೆ ಎಂದೆ. ಉಸ್ತಾದರಿಗೆ ಫೋನ್ ಹಚ್ಚಿದರೆ ಅವರು ಕೆಮ್ಮು ಬರುವಷ್ಟು ನಕ್ಕರು. ಅವರ ಕಾಲದಲ್ಲಿ ಹಾಲಿನವರು ಹಳೆಯ ರೇಸ್ ಸೈಕಲ್ ತಂದು, ಕೋಡು ತೆಗೆದು ಸೀದಾ ಹ್ಯಾಂಡಲ್ ಹಾಕು, ಕ್ಯಾನು ಕಟ್ಟಬೇಕು ಎನ್ನುತ್ತಿದ್ದರಂತೆ. ಉಲ್ಟಾ ಕೇಳಿದವರಲ್ಲಿ ನಿನ್ನ ವಕೀಲನೇ ಮೊದಲಿಗ ಎಂದರು.

ವಕೀಲರು ಸೈಕಲ್ ಬಿಟ್ಟು ಹೋದ ಮರುದಿನ ಅವರ ಹೆಂಡತಿ ಮಹಾನಂದಾ ಬಂದರು. ಮನೆಯಲ್ಲೇ ಹೊಲಿಗೆ ಕಲಿಸುವ ಹೆಣ್ಣುಮಗಳು; ನನ್ನ ರವಿಕೆಗಳೂ ಅವರ ಕೈಯಲ್ಲೇ ಹೊಲಿಸಿದವು. ಕಾಯಿಪಲ್ಲೆ ಚೀಲ ಕೆಳಗಿಟ್ಟು, ಅತ್ತಿತ್ತ ನೋಡಿ, ಆ ಕೋಡು ಹಾಕುವುದನ್ನು ಆದಷ್ಟು ತಡ ಮಾಡಬೇಕು, ತಾವು ಬಂದದ್ದು ಅವರಿಗೆ ತಿಳಿಯಬಾರದು ಎಂದರು. ಬೀಳುತ್ತಾರೆಂಬ ಹೆದರಿಕೆಯೇ ಎಂದು ಕೇಳಿದೆ.

“ಬಿದ್ರ ಎದ್ದು ಬರ್ತಾರ ಬಿಡ್ರಿ. ಅದಕ್ಕಲ್ಲ.” ಅವರು ದನಿ ತಗ್ಗಿಸಿದರು. “ಅವರು ಕೋರ್ಟಿಗೆ ಹೋದಮ್ಯಾಲ ಆ ಸೈಕಲ್ ನಾ ಹೊಡೀತೇನಿ. ಅಂಥಾ ಬಗ್ಗಿದ ಹ್ಯಾಂಡಲ್ ಹಾಕಿದ್ರ ನನಗ ಹ್ಯಾಂಗ ಆಗ್ತದ?”

ನಾನು ಅವರ ಎತ್ತರ ನೋಡಿದೆ, ವಕೀಲರ ಎತ್ತರ ನೆನೆದೆ. ಸೀಟು ತಾನಾಗಿ ಇಳಿಯುವ ರೋಗ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ಇಳಿಸಿಕೊಳ್ಳುವುದು ನೆನಪಿರುತ್ತದೆ, ಏರಿಸಿ ಇಡುವುದು ಮರೆಯುತ್ತದೆ ಎಂದು ಅವರು ನಕ್ಕರು. ಮಧ್ಯಾಹ್ನ ಮಾರ್ಕೆಟ್ ಯಾರ್ಡಿನ ಹಿಂದೆ ಯಾರೂ ಇರುವುದಿಲ್ಲ. ಅಲ್ಲಿ ತಾವೇ ಬಿದ್ದು ಎದ್ದು ಕಲಿತಿದ್ದರು. ಅದರಲ್ಲಿ ಮುಚ್ಚಿಡುವಂಥದ್ದೇನು, ಅವರು ಬೇಡ ಎನ್ನುತ್ತಾರೆಯೇ ಎಂದೆ.

“ಬ್ಯಾಡ ಅನ್ನಂಗಿಲ್ರಿ. ಕಲಸ್ತೇನಿ ಅಂತ ಬೆನ್ನ ಹತ್ತತಾರ. ಮದ್ವಿ ಆದಾಗಿಂದ ಕಲಸಾಕತ್ತಾರ, ಗ್ಯಾಸ್ ಹ್ಯಾಂಗ ಹಚ್ಚಬೇಕು ಅನ್ನೋದು ಸುದ್ದಾ. ಇದೊಂದು ನಾನಾ ಕಲ್ತೇನಿ. ಇಷ್ಟಾದ್ರೂ ನಂದಾ ಇರ್ಲಿ.”

ತಡ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಹೀಗೆ ಗಂಡನಿಗೆ ಬೇಗ ಮುಗಿಸುವ ಮಾತು, ಹೆಂಡತಿಗೆ ಮುಗಿಸದ ಮಾತು, ಎರಡನ್ನೂ ಕೊಟ್ಟು ಕೂತೆ. ಹೊಸದಾಗಿ ಅಂಗಡಿ ಹಾಕುವವರು ಹೀಗೆ ಮಾಡಬಾರದು. ಆದರೆ ಮಾಡುತ್ತೀರಿ.

ಸಾಮಾನು ಬಂದಿಲ್ಲ ಎಂದು ವಕೀಲರಿಗೆ ಹೇಳತೊಡಗಿದೆ. ಸಾಮಾನು ಆಗಲೇ ಬಂದು, ಹಳೆಯ ಟ್ಯೂಬುಗಳ ಕೆಳಗೆ ಗೋಣಿಚೀಲದಲ್ಲಿ ಮಲಗಿತ್ತು. ಒಂದು ಸಂಜೆ, ನೋಡಿಯಾದರೂ ಇಡೋಣವೆಂದು ತೆಗೆದೆ. ಬಾಗಿದ ಹ್ಯಾಂಡಲಿನ ನಡು ದಪ್ಪ, ಅದನ್ನು ಕಚ್ಚಿ ಹಿಡಿಯಬೇಕಾದ ಸ್ಟೆಮ್ಮಿನ ಬಾಯಿ ಸಣ್ಣದು. ಕೂಡಲಿಲ್ಲ. ಮರುದಿನ ವಕೀಲರು ಬಂದಾಗ ಸಾಮಾನು ಬಂದಿಲ್ಲ ಎಂದು ಹೇಳಿದ್ದು ನಿಜವೇ ಆಗಿತ್ತು, ಸ್ಟೆಮ್ಮು ಬರಬೇಕಿತ್ತು. ಅದು ಬಂತು. ಗೇರಿನ ಗುಂಡಿ ನೋಡಿದರೆ ಹೊಸ ಹ್ಯಾಂಡಲಿನ ಕೊಳವೆಗೆ ಏರಲೊಲ್ಲದು. ಹೇಳಿದ ಸುಳ್ಳುಗಳು ಒಂದೊಂದಾಗಿ ನಿಜವಾಗತೊಡಗಿದವು. ನನಗೆ ದೇವರ ಭಯ ಇಷ್ಟು ಯಾವತ್ತೂ ಹತ್ತಿರ ಬಂದಿರಲಿಲ್ಲ.

ಅಷ್ಟರಲ್ಲಿ ಮಹಾನಂದಾ ಮತ್ತೆ ಬಂದರು. ಮುಖ ಬಿಗಿದಿತ್ತು. ತಡ ಮಾಡಿ ಎಂದೆ, ಸೈಕಲ್ಲನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಿ ಎಂದಿರಲಿಲ್ಲ ಎಂದರು. ಅದೂ ಸರಿ. ನನ್ನ ತಡದಿಂದಾಗಿ ಗಂಡನ ಮುಂಜಾನೆಯೂ ಹೋಗಿತ್ತು, ಹೆಂಡತಿಯ ಮಧ್ಯಾಹ್ನವೂ ಹೋಗಿತ್ತು. ಇನ್ನು ಮುಗಿಸುವುದೇ ದಾರಿ ಎಂದು ಹೇಳಿದೆ. ಅವರು ಆ ಕೋಡಿನ ಕಡೆ ನೋಡದೆ ಹೋದರು.

ಹಳೆಯ ಹ್ಯಾಂಡಲನ್ನು ಕೊಯ್ದು ಒಂದು ಗೇಣಿನ ತುಂಡು ಮಾಡಿ, ಅದನ್ನು ಸ್ಟೆಮ್ಮಿನ ಪಕ್ಕಕ್ಕೆ ಕೂಡಿಸಿ, ಗೇರಿನ ಗುಂಡಿಯನ್ನು ಅದಕ್ಕೇ ಏರಿಸಿದೆ. ಕೋಡಿನ ಹ್ಯಾಂಡಲಿನಲ್ಲಿ ಕೈ ಮೊದಲಿಗಿಂತ ಮುಂದೆ ಚಾಚಬೇಕಾಗುತ್ತದೆ. ಅದಕ್ಕೆ ಗಿಡ್ಡ ಸ್ಟೆಮ್ಮು ಹಾಕಿ, ಹ್ಯಾಂಡಲನ್ನು ಆದಷ್ಟು ಮೇಲಕ್ಕೆತ್ತಿದೆ. ವಕೀಲರು ಕೇಳಿದರೆ ನಿಮ್ಮ ಬೆನ್ನಿಗಾಗಿ ಎಂದು ಹೇಳುವವಳಿದ್ದೆ. ನನ್ನ ಕಣ್ಣ ಮುಂದೆ ಇದ್ದದ್ದು ಮಹಾನಂದಾ ಅವರ ಕೈಗಳು.

ಉಳಿದದ್ದು ಬ್ರೇಕು. ಇದನ್ನು ಈ ಕೆಲಸಕ್ಕೆ ಕೈ ಹಾಕುವವರು ಗಮನವಿಟ್ಟು ಓದಿ. ಕೋಡಿನ ಹ್ಯಾಂಡಲಿಗೆ ಬರುವ ಲಿವರು ತಂತಿಯನ್ನು ಸ್ವಲ್ಪವೇ ಎಳೆಯುತ್ತದೆ. ಸೀದಾ ಹ್ಯಾಂಡಲಿನ ಸೈಕಲ್ಲಿನಲ್ಲಿರುವ ಉದ್ದ ತೋಳಿನ ಬ್ರೇಕಿಗೆ ತಂತಿ ಹೆಚ್ಚು ಎಳೆಯಬೇಕು. ಎರಡನ್ನೂ ಹಾಗೇ ಕೂಡಿಸಿದರೆ ನೋಡಲು ಚಂದ, ಹಿಡಿದರೆ ಲಿವರು ಹೋಗಿ ಹ್ಯಾಂಡಲಿಗೆ ತಾಗುತ್ತದೆ, ಚಕ್ರ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಹೆಚ್ಚು ಎಳೆಯುವ ಲಿವರು ಬೇರೆ ಸಿಗುತ್ತದೆ. ಕೋಡಿನ ಜೊತೆ ಬಂದ ಲಿವರನ್ನು ಸದ್ಯಕ್ಕೆ ಕೂಡಿಸಿಟ್ಟು, ಅದಕ್ಕಾಗಿ ಕಲಬುರಗಿಯ ಅಂಗಡಿಗೆ ಹೇಳಿ ಕಾಯುತ್ತಿದ್ದೆ. ಅಲ್ಲಿಯ ತನಕ ಯಾರೂ ಮುಟ್ಟಬಾರದೆಂದು ಹ್ಯಾಂಡಲಿಗೆ ಕೆಂಪು ಅರಿವೆ ಕಟ್ಟಿಟ್ಟೆ.

ಒಂದು ಭಾನುವಾರ ಮುಂಜಾನೆ ವಕೀಲರು ಬಂದು ಕೋಡನ್ನು ಸವರಿ ನಿಂತರು. ಬ್ರೇಕ್ ಆಗಿಲ್ಲ, ನೋಡುವುದಿದ್ದರೆ ನೋಡಿ, ಹತ್ತಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ನೋಡುವುದಷ್ಟೇ ಎಂದರು. ಬಸ್ ನಿಲ್ದಾಣದ ಎದುರು ಬಾಳೆಹಣ್ಣಿನ ಬಂಡಿಯ ಚಕ್ರ ಕಳಚಿದೆ ಎಂದು ಯಾರೋ ಕರೆದರು. ಹೋಗಿ ಬಂದೆ. ಕೆಂಪು ಅರಿವೆ ನೀಟಾಗಿ ಮಡಚಿ ಡಬ್ಬಿಯ ಮೇಲೆ ಇಡಲಾಗಿತ್ತು. ಸೈಕಲ್ ಇರಲಿಲ್ಲ.

ಫೋನ್ ಮಾಡಿದೆ. ಎತ್ತಿದವರು ಮಹಾನಂದಾ. ಫೋನ್ ಮನೆಯಲ್ಲೇ ಇದೆ, ಅವರು ನಿಮ್ಮ ಅಂಗಡಿಗೆ ಹೋಗಿದ್ದಾರಲ್ಲ ಎಂದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿ, ಅರಿವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಕೂಟರ್ ತೆಗೆದು ಅವರ ಮನೆಯ ಮುಂದೆ ನಿಲ್ಲಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು.

ಕರಜಗಿ ರಸ್ತೆ ಊರು ದಾಟಿದ ಮೇಲೆ ಒಂದು ಕಡೆ ಉದ್ದಕ್ಕೆ ಇಳಿಯುತ್ತದೆ. ನಡೆದು ಹೋಗುವವರಿಗೆ ಇಳಿಜಾರು ಎಂದು ತಿಳಿಯುವುದೂ ಇಲ್ಲ. ಬ್ರೇಕಿಲ್ಲದವರಿಗೆ ತಿಳಿಯುತ್ತದೆ. ಹಿಂದೆ ಕೂತ ಮಹಾನಂದಾ ಅವರ ಬೆರಳುಗಳು ನನ್ನ ಭುಜದೊಳಗೆ ಇಳಿಯುತ್ತಿದ್ದವು. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಹೋದ ಸೈಕಲ್ಲಿನಿಂದ ಯಾರ ಎಲುಬೂ ಮುರಿದಿರಲಿಲ್ಲ. ಈ ಹೆಣ್ಣುಮಗಳ ಮುಖವನ್ನು ನಾಳೆಯಿಂದ ಹೇಗೆ ನೋಡಲಿ ಎಂದು ಯೋಚಿಸುತ್ತಾ ಓಡಿಸಿದೆ. ಇಳಿಜಾರಿನ ಕೊನೆಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಸುತ್ತ ಜನ ಸೇರಿದ್ದರು. ಸ್ಕೂಟರನ್ನು ಬದಿಗೆ ನಿಲ್ಲಿಸಿ ಇಬ್ಬರೂ ಓಡಿದೆವು.

ಜನ ಸರಿದು ದಾರಿ ಬಿಟ್ಟರು. ವಕೀಲರು ರಸ್ತೆ ಬದಿಯ ಕಬ್ಬಿನ ಒಣ ಎಲೆಯ ರಾಶಿಯ ಮೇಲೆ ಕೂತಿದ್ದರು. ಪ್ಯಾಂಟಿನ ಒಂದು ಮೊಣಕಾಲು ಹರಿದಿತ್ತು, ತಲೆಯ ತುಂಬ ಎಲೆ. ಒಂದು ಕೈಯಲ್ಲಿ ಕಬ್ಬಿನ ತುಂಡು. ಅದನ್ನು ಜಗಿಯುವ ಮಧ್ಯೆ ಟ್ರ್ಯಾಕ್ಟರ್ ಚಾಲಕನೊಡನೆ ವಾದ ನಡೆಸಿದ್ದರು. ತಾನು ನಿಂತೇ ಇದ್ದೆ, ಇವರೇ ಬಂದು ಎಲೆಯೊಳಗೆ ಹೊಕ್ಕರು, ಎಬ್ಬಿಸಿ ಕಬ್ಬು ಕೊಟ್ಟರೆ ಈಗ ಕಾಯಿದೆ ಹೇಳುತ್ತಿದ್ದಾರೆ ಎಂದು ಆ ಚಾಲಕ ನನಗೆ ದೂರು ಹೇಳಿದ.

“ಹಿಂದ ಕೆಂಪು ಅರಿವಿ ಕಟ್ಟಿಲ್ಲ ಇವ,” ಎಂದರು ವಕೀಲರು. “ಅಪಾಯ ಅದ ಅಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕು?”

ನಾನು ಸೊಂಟದಿಂದ ಅರಿವೆ ತೆಗೆದು ಅವರ ಕೈಗೆ ಕೊಟ್ಟೆ.

“ನಾ ಕಟ್ಟಿದ್ದೆನಲ್ರಿ ವಕೀಲಸಾಬ್ರ. ಬಿಚ್ಚಿ ಇಟ್ಟವರು ಯಾರು?”

ಚಾಲಕ ನಕ್ಕ, ಜನ ನಕ್ಕರು. ನಾನು ನಗಲಿಲ್ಲ. ಮಹಾನಂದಾ ಗಂಡನ ಮೊಣಕಾಲು ನೋಡಿದರು, ಮುಂಗೈ ಒತ್ತಿ ನೋಡಿದರು, ತಲೆಯ ಎಲೆಗಳನ್ನು ಒಂದೊಂದಾಗಿ ತೆಗೆದರು. ಚರ್ಮ ತರಚಿತ್ತು, ಮುಂಗೈ ಬಾತಿತ್ತು, ಅಷ್ಟೇ. ಮನೆಗೆ ನಡೆಯಿರಿ, ಉಳಿದ ವಾದ ಅಲ್ಲಿ ಮಾಡಿ ಎಂದರು. ಅವರ ದನಿ ಒಂದು ಕಡೆ ಒಡೆಯಿತು. ವಕೀಲರು ಅದನ್ನು ಕೇಳಿ ಕಬ್ಬನ್ನು ಕೆಳಗಿಟ್ಟರು.

ಈಗ ತೊಂದರೆ ಸೈಕಲ್ಲಿನದು. ಅದಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ಮುಂಗೈ ಬಾತ ವಕೀಲರು ಅದನ್ನು ಹೊಡೆಯುವಂತಿಲ್ಲ. ಸ್ಕೂಟರ್ ನಡೆಸಬಲ್ಲವಳು ನಾನೊಬ್ಬಳೇ, ಅದರಲ್ಲಿ ಜಾಗ ಇಬ್ಬರಿಗೆ. ಇಲ್ಲೇ ಯಾರ ಹೊಲದಲ್ಲಾದರೂ ಇಟ್ಟು ಹೋಗೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾನಂದಾ ಹೇಳಿದರು.

“ನೀವು ಅವರನ್ನ ಕರ್ಕೊಂಡು ಹೋಗ್ರಿ. ಸೈಕಲ್ ನಾ ತರ್ತೇನಿ.”

ನಾನು ಮೊದಲು ಸ್ಕೂಟರಿನಲ್ಲಿದ್ದ ಪಾನಾ ತೆಗೆದು ಹಿಂದಿನ ಬ್ರೇಕಿನ ತಂತಿಯನ್ನು, ರಬ್ಬರು ಚಕ್ರಕ್ಕೆ ತಿಕ್ಕುವಷ್ಟು ಬಿಗಿದೆ. ಊರಿಗೆ ಮರಳುವ ದಾರಿ ಏರು, ಹಿಡಿಯುವ ಕೆಲಸ ಹೆಚ್ಚು ಇರಲಿಲ್ಲ. ಅವರು ಸೀಟಿನ ಕೆಳಗಿನ ಕೀಲು ಸಡಿಲಿಸಿ, ನೋಡದೆಯೇ ತಮ್ಮ ಮಟ್ಟಕ್ಕೆ ಇಳಿಸಿ, ಮತ್ತೆ ಬಿಗಿದರು. ಸೆರಗು ಸುತ್ತಿ ನಡುವಿಗೆ ಸಿಕ್ಕಿಸಿದರು. ನೆರಿಗೆಯನ್ನು ಒಂದು ಕಡೆಗೆ ಎತ್ತಿ ಗಂಟು ಹಾಕಿದರು. ಕೋಡಿನ ಮೇಲಿನ ಬಾಗಿನ ಮೇಲೆ ಕೈಯಿಟ್ಟು, ಎರಡು ಹೆಜ್ಜೆ ನೂಕಿ, ಏರಿ ಹೊರಟರು. ಮೊದಲ ನಾಲ್ಕು ಮಾರು ಅಲುಗಾಡಿದರು. ಆಮೇಲೆ ಕೈ ಆ ಬಾಗಿನಲ್ಲಿ ಕೂತಿತು. ತಿಕ್ಕುವ ಬ್ರೇಕನ್ನು ಎಳೆದುಕೊಂಡೇ ಅವರು ಏರು ಹತ್ತಿದರು.

ವಕೀಲರು ನನ್ನ ಸ್ಕೂಟರಿನ ಹಿಂದೆ ಕೂತು ಹೆಂಡತಿಯ ಕಡೆಯೇ ನೋಡುತ್ತಿದ್ದರು. ಆಮೇಲೆ ಕೇಳಿದರು.

“ಕಸ್ತೂರಿಬಾಯಿ, ಆಕಿ ಯಾವಾಗ ಕಲ್ತಳು?”

“ನನಗೇನ್ ಗೊತ್ತ್ರಿ. ನಾ ಪಂಕ್ಚರ್ ಹಚ್ಚಾಕಿ.”

ಈ ಸಾಕ್ಷಿ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ತಿಳಿದಿರಬೇಕು. ಎದುರಿಗೆ ಏರಿನ ನಡುವೆ ಮಹಾನಂದಾ ತುಳಿಯುತ್ತಿದ್ದರು. ವಕೀಲರು ಕತ್ತು ಚಾಚಿ ನೋಡಿದರು, ಉಸಿರು ಬಿಟ್ಟರು, ಆಮೇಲೆ ನನ್ನ ಭುಜ ತಟ್ಟಿದರು.

“ಗೇರು ತಪ್ಪು ಹಾಕಾಕತ್ತಾಳ. ಸ್ವಲ್ಪ ಜೋರು ಹೊಡೀರಿ, ಬಾಜೂಕ ಹೋಗಿ ಹೇಳ್ತೇನಿ.”

ನಾನು ಕೈ ಸಡಿಲಿಸಿ ಸ್ಕೂಟರನ್ನು ಇನ್ನಷ್ಟು ನಿಧಾನ ಮಾಡಿದೆ. ಇಬ್ಬರ ಭಾರಕ್ಕೆ ಏರಿನಲ್ಲಿ ಎಳೆಯುತ್ತಿಲ್ಲ ಎಂದೆ. ಊರು ಬರುವ ತನಕ ಅದು ಎಳೆಯಲೇ ಇಲ್ಲ.

ಕಲಬುರಗಿಯಿಂದ ಲಿವರು ಬಂದ ದಿನ ಎರಡೂ ಬ್ರೇಕು ಸರಿಮಾಡಿದೆ. ಮಹಾನಂದಾ ತಾವೇ ಬಂದು, ಹಿಡಿದು ಬಿಟ್ಟು ಹಿಡಿದು ನೋಡಿ, ಕೋಡು ಹಾಗೇ ಇರಲಿ ಎಂದರು. ಮೇಲಿನ ಬಾಗಿನಲ್ಲಿ ಕೈ ಇಟ್ಟರೆ ಭುಜಕ್ಕೆ ಆರಾಮವಂತೆ. ಮನೆಯಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗ್ಯಾಸ್ ಹಚ್ಚುವ ಪಾಠ ಮಾತ್ರ ನಿಂತಿದೆ ಎಂದು ಹೋಗುವಾಗ ಹೇಳಿ ನಕ್ಕರು.

ಅದೇ ವಾರ ವಕೀಲರು ಒಬ್ಬರೇ ಬಂದರು. ಒಂದು ಒಳ್ಳೆಯ ಸೀದಾ ಹ್ಯಾಂಡಲಿನ ಸೈಕಲ್ ನೋಡಿಕೊಡಬೇಕಿತ್ತು. ಕೋಡಿನ ಹ್ಯಾಂಡಲಿನಿಂದ ತಮ್ಮ ಬೆನ್ನು ಹಿಡಿದಿದೆ ಎಂಬುದು ಹೆಂಡತಿಗೆ ತಿಳಿಯಬಾರದು, ಇನ್ನೊಂದು ಕೋಡು ಎಲ್ಲಿಯೂ ಸಿಗಲಿಲ್ಲ ಎಂದು ನಾನೇ ಹೇಳಬೇಕು ಎಂದರು. ಆಗಲಿ ಎಂದೆ. ಸಂಜೆ ಮಹಾನಂದಾ ಬಂದು, ಅವರ ಬೆನ್ನು ಹಿಡಿದಿದೆ, ಬಾಯಿ ಬಿಟ್ಟು ಹೇಳುವುದಿಲ್ಲ, ಇನ್ನೊಂದು ಕೋಡು ಸಿಗಲಿಲ್ಲವೆಂದು ಹೇಳಿ ಸೀದಾದ್ದೇ ಕೊಡಿ, ನಾನು ಬಂದದ್ದು ಹೇಳಬೇಡಿ ಎಂದರು. ಅದಕ್ಕೂ ಆಗಲಿ ಎಂದೆ. ಎರಡು ಮಾತನ್ನೂ ಒಟ್ಟಿಗೆ ಉಳಿಸಿಕೊಂಡದ್ದು ನನ್ನ ಕಸುಬಿನಲ್ಲಿ ಅದೊಂದೇ ಸಲ.

ಆಮೇಲೆ ಕೆಲವೇ ದಿನ ನಾನು ಅಂಗಡಿಯಲ್ಲಿದ್ದೆ. ಒಂದು ಮುಂಜಾನೆ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದಾಗ ಇಬ್ಬರೂ ಕರಜಗಿ ರಸ್ತೆಯ ಕಡೆ ಹೊರಟಿದ್ದರು. ಮುಂದೆ ಮಹಾನಂದಾ, ಚೂಡಿದಾರ ತೊಟ್ಟು, ಕೋಡಿನ ಕೆಳಬಾಗು ಹಿಡಿದು, ತಲೆ ತಗ್ಗಿಸಿ. ನನ್ನ ಕಡೆ ಒಂದು ಕೈ ಎತ್ತಿ ಹೋದರು. ಬಹಳ ಹೊತ್ತಿನ ಮೇಲೆ ಹಿಂದಿನಿಂದ ವಕೀಲರು ಬಂದರು. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಅಂಗಡಿಯ ಮುಂದೆ ಒಂದು ಕಾಲು ಊರಿ ನಿಂತರು.

“ಕಸ್ತೂರಿಬಾಯಿ, ನಾ ಬೇಕಂತಾನ ಸಾವಕಾಶ ಹೊಂಟೇನಿ. ಆಕಿ ಒಬ್ಬಾಕಿ ಹಿಂದ ಬೀಳಬಾರದು ನೋಡ್ರಿ.”

ನಾನು ರಸ್ತೆಯ ಕಡೆ ನೋಡಿದೆ. ಮಹಾನಂದಾ ಆಗಲೇ ತಿರುವು ದಾಟಿ ಕಾಣದಾಗಿದ್ದರು.

“ಹೌದ್ರಿ ವಕೀಲಸಾಬ್ರ,” ಎಂದೆ, ಮುಖದ ಒಂದು ಗೆರೆಯನ್ನೂ ಅಲುಗಿಸದೆ.